ಕಡುಬೇಸಗೆಯಲ್ಲಿ ಕಡಲೂರಿನ ಸುಖ

ರೇಡಿಯೋದಲ್ಲಿ ವಾರ್ತೆಗಳು ಮುಗಿದ ಮೇಲೆ ಹವಾಮಾನ ವರದಿ ಬರುವುದಷ್ಟೆ. ಏಪ್ರಿಲ್ ತಿಂಗಳ ಯಾವುದಾದರೊಂದು ದಿನ ಅದನ್ನು ಕಿವಿಗೊಟ್ಟು ಕೇಳಿ. ನಮ್ಮ ಚಾಮರಾಜನಗರದ ಕಡೆ ಗರಿಷ್ಠ ಉಷ್ಣಾಂಶ 36 ಅಥವಾ 37 ಡಿಗ್ರಿ ಸೆಲ್ಸಿಯಸ್ ಎಂದೂ, ಮಂಗಳೂರಿನಲ್ಲಿ 34 ಎಂದೂ ಹೇಳಿಯಾರು. ಕೇಳಿದ ಮನೆಯಲ್ಲಿ ಕೂಡಲೆ ಒಂದು ಲೆಕ್ಕಾಚಾರ ಹುಟ್ಟುತ್ತದೆ: ‘ಮಂಗಳೂರು ನಮಗಿಂತ ಎರಡು ಮೂರು ಡಿಗ್ರಿ ತಂಪು, ಮೇಲಾಗಿ ಸಮುದ್ರ, ಮಕ್ಕಳಿಗೆ ರಜ. ಹೊರಟುಬಿಡೋಣ.’

ಹೀಗೆ ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಹೊರಟ ಕುಟುಂಬಗಳಲ್ಲಿ ಕೆಲವು ಮೂರನೆಯ ದಿನಕ್ಕೆ ಬೆವರಿ ಬೆಂಡಾಗಿ, ಮಕ್ಕಳ ಕತ್ತು ಬೆನ್ನಿನ ಮೇಲೆಲ್ಲ ಬೆವರುಗುಳ್ಳೆ ಎದ್ದು, ಖರ್ಚಿಗೆ ಮರುಗುತ್ತ ಹಿಂತಿರುಗುವುದುಂಟು. “ಸಮುದ್ರದ ದಂಡೆಯ ಊರಿನಲ್ಲಿ ತಂಪೇ ಇಲ್ಲವಲ್ಲ ಮೇಷ್ಟ್ರೆ, ನಮ್ಮೂರೇ ವಾಸಿ” ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಅದೇ ದಿನಗಳಲ್ಲಿ ಅದೇ ಊರಿನಲ್ಲಿ ಸುಖವಾಗಿದ್ದು ಬಂದವರೂ ಇದ್ದಾರೆ. ಈ ಇಬ್ಬರಿಗೂ ಇರುವ ಭೇದವೇನು? ತಂಪನ್ನು ಅರಸಿ ಕಡಲೂರಿಗೆ ಹೋದವನು ನಿರಾಶನಾಗುತ್ತಾನೆ. ಬೇಸಗೆಯನ್ನು ಬೇಸಗೆಯಾಗಿಯೇ ಅನುಭವಿಸಲು ಹೋಗಿ, ಆ ಊರಿನವರು ಇಟ್ಟುಕೊಂಡಿರುವ ಹೊತ್ತುಗಳನ್ನು ತಾನೂ ಅನುಸರಿಸಿದವನು ಸಂತೋಷಪಡುತ್ತಾನೆ. ಈ ಮಾತನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲಿಗೆ, ವರದಿಯ ಅಂಕಿ ನಮ್ಮನ್ನು ಏಕೆ ದಾರಿ ತಪ್ಪಿಸುತ್ತದೆ ಎಂಬುದನ್ನು ತಿಳಿಯಬೇಕು. ನಿಮ್ಮ ಮನೆಯ ಮೂಲೆಯಲ್ಲಿರುವ ಮಣ್ಣಿನ ಹೂಜಿಯನ್ನೇ ಕೇಳಿ. ಅದರ ಮೈಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಗಾಳಿಗೆ ಆರುತ್ತದೆ; ಆರುವಾಗ ಒಳಗಿನ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ; ಆದ್ದರಿಂದ ನೀರು ತಣ್ಣಗಾಗುತ್ತದೆ. ನಮ್ಮ ದೇಹವೂ ಇಂಥದೇ ಒಂದು ಹೂಜಿ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ಹೊರಟುಹೋಗುತ್ತದೆ. ಐದೂಮುಕ್ಕಾಲು ಲೀಟರಿನಷ್ಟು ಮಂಜಿನಂಥ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು! ಆದರೆ ಇಲ್ಲೊಂದು ಷರತ್ತು ಇದೆ: ಬೆವರು ಆರಬೇಕು. ಸುಮ್ಮನೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ನಮ್ಮ ಶಾಖವನ್ನು ಒಯ್ಯುವುದಿಲ್ಲ.

ಬೆವರು ಆರುವುದು ಬಿಡುವುದು ಗಾಳಿಯಲ್ಲಿ ಆಗಲೇ ಎಷ್ಟು ನೀರಾವಿ ಇದೆಯೆಂಬುದನ್ನು ಅವಲಂಬಿಸಿದೆ. ಹವಾಮಾನ ವರದಿಯಲ್ಲಿ ‘ಸಾಪೇಕ್ಷ ಆರ್ದ್ರತೆ’ ಎಂದು ಇನ್ನೊಂದು ಅಂಕಿಯನ್ನು ಹೇಳುವುದು ಇದಕ್ಕಾಗಿಯೆ. ಗಾಳಿ ಹಿಡಿಯಬಲ್ಲ ಆವಿಯಲ್ಲಿ ನೂರಕ್ಕೆ ಎಷ್ಟು ಪಾಲು ಈಗಾಗಲೇ ತುಂಬಿದೆ ಎಂಬುದೇ ಅದರ ಅರ್ಥ. ಕೊಳ್ಳೇಗಾಲದ ಬೇಸಗೆಯ ಮಧ್ಯಾಹ್ನ ಅದು ಬಹಳ ಮಟ್ಟಿಗೆ ಇಳಿದಿರುತ್ತದೆ. ಒಗೆದ ಪಂಚೆ ಗಂಟೆಯೊಳಗೆ ಗರಿಗರಿಯಾಗುತ್ತದೆ. ಮಂಗಳೂರಿನಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಅದು ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲಿ ನಿಂತಿರುತ್ತದೆ. ಅಲ್ಲಿ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಹೂಜಿಯ ನೀರೂ ಅಲ್ಲಿ ನಮ್ಮೂರಿನಷ್ಟು ತಣ್ಣಗಾಗುವುದಿಲ್ಲ. ಆದುದರಿಂದಲೇ ಅಲ್ಲಿಯ 34 ನಮ್ಮ 37ಕ್ಕಿಂತ ಮೈಗೆ ಹೆಚ್ಚಾಗಿ ತೋರುವುದು. ರಾತ್ರಿಯೂ ಹೀಗೆಯೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ನೆಲ ಬೇಗ ಆರಿ, ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುವಂತಾಗುತ್ತದೆ. ಅಲ್ಲಿ ನಡುರಾತ್ರಿ ದಾಟಿದರೂ ಉಷ್ಣಾಂಶ 25, 26ಕ್ಕಿಂತ ಕೆಳಗಿಳಿಯುವುದು ಕಷ್ಟ.

ಹಾಗಿದ್ದರೆ, ಬೇಸಗೆಯಲ್ಲಿ ಕಡಲ ತೀರಕ್ಕೆ ಹೋಗುವುದು ಸುಖವೆಂಬ ಮಾತು ಎಲ್ಲಿಂದ ಬಂತು? ಅದು ಬಹುಪಾಲು ಯುರೋಪಿನಿಂದ, ಅದರಲ್ಲಿಯೂ ಮೆಡಿಟರೇನಿಯನ್ ಸಮುದ್ರದ ದಂಡೆಯಿಂದ ಬಂದದ್ದು. ಅಥೆನ್ಸ್, ನೇಪಲ್ಸ್, ಬಾರ್ಸಿಲೋನಾ ಮೊದಲಾದ ನಗರಗಳಿಗೆ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಜನ ವಿಹಾರಕ್ಕೆ ಹೋಗುತ್ತಾರೆ. ಚಲನಚಿತ್ರಗಳಲ್ಲಿಯೂ ಬಣ್ಣದ ಚಿತ್ರಪಟಗಳಲ್ಲಿಯೂ ನೀವು ನೋಡಿರುವ ನೀಲಿ ನೀರು, ಬಿಳಿ ಮನೆ, ಬಣ್ಣದ ಕೊಡೆ ಎಲ್ಲವೂ ಅಲ್ಲಿಯವು. ಆ ಪ್ರದೇಶದ ವಿಶೇಷವೇನೆಂದರೆ, ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಗೆ ಮಾತ್ರ ಹನಿಯಿಲ್ಲದ ಒಣಕಾಲ. ಅಥೆನ್ಸಿನಲ್ಲಿ ವರ್ಷವಿಡೀ ಬೀಳುವ ಮಳೆಯೇ ಸುಮಾರು 400 ಮಿಲಿಮೀಟರ್. ಜುಲೈಯಲ್ಲಿ ಇಲ್ಲವೆನ್ನುವಷ್ಟು ಕಡಮೆ. ಅಲ್ಲಿಯೂ ಬಿಸಿಲು 33, 34 ಡಿಗ್ರಿಗೆ ಏರುವುದುಂಟು. ಆದರೆ ಬೆವರು ಆರುತ್ತದೆ, ನೆರಳಿಗೆ ಬಂದರೆ ಹಾಯೆನಿಸುತ್ತದೆ. ಅಲ್ಲಿಯ ಸಮುದ್ರದ ನೀರು ಕಡುಬೇಸಗೆಯಲ್ಲಿಯೂ ನಮ್ಮ ಅರಬ್ಬೀ ಸಮುದ್ರಕ್ಕಿಂತ ತಂಪು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಕಡಲಿಗೆ ಇಳಿದರೆ ನೀರೇ ಸುಮಾರು 30 ಡಿಗ್ರಿ ಇರುತ್ತದೆ.

ಇನ್ನೊಂದು ಭೇದವಿದೆ. ಅದು ನೆರಳಿನದು. ಸೂರ್ಯ ನೆತ್ತಿಗೆ ಬರುವುದು ಕರ್ಕಾಟಕ ಮಕರ ವೃತ್ತಗಳ ನಡುವಣ ನಾಡುಗಳಲ್ಲಿ ಮಾತ್ರ. ಅಥೆನ್ಸ್ 38 ಡಿಗ್ರಿ ಉತ್ತರದಲ್ಲಿದೆ; ಅಲ್ಲಿ ಜೂನ್ 21ರ ನಡುಹಗಲಿನಲ್ಲಿಯೂ ಸೂರ್ಯ ನೆತ್ತಿಗೆ ಸುಮಾರು ಹದಿನಾಲ್ಕೂವರೆ ಡಿಗ್ರಿ ಓರೆಯಾಗಿರುತ್ತಾನೆ. ಹತ್ತು ಮೀಟರ್ ಎತ್ತರದ ಗೋಡೆ ಆಗಲೂ ಎರಡೂವರೆ ಮೀಟರ್ ನೆರಳು ಕೊಡುತ್ತದೆ. ಆದುದರಿಂದ ಆ ಊರುಗಳ ಇಕ್ಕಟ್ಟಾದ ಬೀದಿಗಳಲ್ಲಿ ಒಂದು ಮಗ್ಗುಲು ತಂಪಾಗಿರುತ್ತದೆ. ಮಂಗಳೂರಿನಲ್ಲಿಯಾದರೋ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನಮ್ಮ ಕೊಳ್ಳೇಗಾಲದಲ್ಲಿ ಅದಕ್ಕೂ ಎರಡು ಮೂರು ದಿನ ಮೊದಲು. ಆ ದಿನ ಗಡಿಯಾರದಲ್ಲಿ ಹನ್ನೆರಡೂವರೆಯ ಹೊತ್ತಿಗೆ ಅಂಗಳದಲ್ಲಿ ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿ, ಅದರ ನೆರಳು ಅದರ ಬುಡದಲ್ಲಿಯೇ ಅಡಗಿರುತ್ತದೆ. ಗೋಡೆಯಿಂದ ನೆರಳೇ ಹುಟ್ಟದ ನಾಡಿನಲ್ಲಿ ಮನುಷ್ಯನನ್ನು ಕಾಯುವುದು ಮೇಲಿನ ಹೊದಿಕೆ: ಮರದ ಎಲೆ, ಇಳಿಜಾರು ಮಾಡು, ಕೈಯಲ್ಲಿನ ಕೊಡೆ. ಮಂಗಳೂರಿಗೆ ಹೋಗುವಾಗ ‘ಮಳೆಗಾಲವಲ್ಲವಲ್ಲ’ ಎಂದು ಕೊಡೆಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಮೆಡಿಟರೇನಿಯನ್ ದಂಡೆಯವರಿಂದ ನಾವು ಎರವಲು ಪಡೆಯಬೇಕಾದದ್ದು ಅವರ ಕಡಲನ್ನಲ್ಲ, ಅವರ ದಿನಚರಿಯನ್ನು. ಸ್ಪೇನ್ ದೇಶದವರು ಮಧ್ಯಾಹ್ನದ ನಿದ್ದೆಗೆ ‘ಸಿಯೆಸ್ತಾ’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಆರನೆಯ ಹೊತ್ತು’ ಎಂಬ ಅರ್ಥವುಳ್ಳ ಶಬ್ದದಿಂದ ಅದು ಬಂದಿದೆ. ಸೂರ್ಯೋದಯದಿಂದ ಎಣಿಸಿದರೆ ಆರನೆಯ ಗಂಟೆಯೆಂದರೆ ನಡುಹಗಲು. ನಮ್ಮ ಹಿರಿಯರ ಲೆಕ್ಕದಲ್ಲಿ ಹದಿನೈದು ಗಳಿಗೆ. ಆ ಲ್ಯಾಟಿನ್ ಶಬ್ದ ನಮ್ಮ ಸಂಸ್ಕೃತದ ‘ಷಷ್ಠ’ಕ್ಕೆ ಒಡಹುಟ್ಟಿದ್ದು. ಆ ಹೊತ್ತಿಗೆ ಅಂಗಡಿ ಮುಚ್ಚಿ, ಕಿಟಕಿಯ ಪಡಿಗಳನ್ನೆಳೆದು ಮಲಗುವುದು. ಬಿಸಿಲಿಳಿದ ಮೇಲೆ ಇಡೀ ಊರು ಒಳ್ಳೆಯ ಬಟ್ಟೆ ಧರಿಸಿ ಬೀದಿಯಲ್ಲಿ ಅಡ್ಡಾಡುವುದು. ರಾತ್ರಿ ತಡವಾಗಿ ಉಣ್ಣುವುದು. ಜೂನ್ ಕೊನೆಯಲ್ಲಿ ಬಾರ್ಸಿಲೋನಾದಲ್ಲಿ ಹೊತ್ತು ಮುಳುಗುವುದೇ ಒಂಬತ್ತು ಗಂಟೆ ದಾಟಿದ ಮೇಲೆ. ನಮ್ಮ ಕರಾವಳಿಯಲ್ಲಿ ಮೇ ತಿಂಗಳಲ್ಲಿಯೂ ಏಳು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಅವರ ಸಂಜೆ ದೀರ್ಘ, ನಮ್ಮದು ಗಿಡ್ಡ. ಆದ್ದರಿಂದ ನಾವು ಸಂಜೆಗೆ ಇನ್ನೂ ಹೆಚ್ಚು ಸಿದ್ಧರಾಗಿರಬೇಕು.

ಈಗ ದಾರಿಯ ಮಾತು. ಕೊಳ್ಳೇಗಾಲಕ್ಕೂ ಮಂಗಳೂರಿಗೂ ಒಂದು ಹಳೆಯ ನೆಂಟಸ್ತನವಿದೆ. 1956ರ ನವೆಂಬರ್ 1ರವರೆಗೆ ಇವೆರಡೂ ಮದರಾಸಿನ ಆಡಳಿತಕ್ಕೆ ಸೇರಿದ್ದುವು, ನಾವು ಕೊಯಮತ್ತೂರು ಜಿಲ್ಲೆಯಲ್ಲಿ, ಅವರು ದಕ್ಷಿಣ ಕನ್ನಡದಲ್ಲಿ. ನೆರೆಯ ಯಳಂದೂರು ಮಾತ್ರ ಆಗಲೂ ಮೈಸೂರಿನದು. ದಿವಾನ್ ಪೂರ್ಣಯ್ಯನವರಿಗೆ ಬಂದ ಜಹಗೀರು. ಇಂದು ಮೈಸೂರು, ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರುಗಳ ಮೇಲೆ ಹೋಗುವುದು ವಾಡಿಕೆಯ ದಾರಿ. ಮಡಿಕೇರಿಯ ಏಣಿನಲ್ಲಿ ಮಕ್ಕಳಿಗೆ ಒಂದು ವಿಷಯ ಹೇಳಿ. ಈ ಬದಿಗೆ ಬಿದ್ದ ಮಳೆ ಕಾವೇರಿಗೆ ಸೇರಿ, ನಮ್ಮ ಶಿವನಸಮುದ್ರದಲ್ಲಿ ಧುಮುಕಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಬದಿಗೆ ಬಿದ್ದದ್ದು ಪಯಸ್ವಿನಿಯನ್ನು ಹಿಡಿದು ಕಾಸರಗೋಡಿನ ಬಳಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಅಲ್ಲಿಂದ ಸಂಪಾಜೆಯ ಘಟ್ಟ ಇಳಿಯುವಾಗ ಕಿಟಕಿಯ ಗಾಳಿಯನ್ನು ಗಮನಿಸಿ. ಸಾವಿರ ಮೀಟರ್ ಇಳಿದರೆ ಸುಮಾರು ಆರು ಡಿಗ್ರಿಯಷ್ಟು ಬಿಸಿ ಹೆಚ್ಚುವುದು ಸಾಮಾನ್ಯ ನಿಯಮ. ಸುಳ್ಯ ಬರುವ ಹೊತ್ತಿಗೆ ಅಂಗಿ ಬೆನ್ನಿಗಂಟಿರುತ್ತದೆ. ಅಲ್ಲಿಂದ ಮುಂದೆ ಘಟ್ಟದ ಮೇಲಿನ ನಿಮ್ಮ ಅಭ್ಯಾಸಗಳನ್ನು ಸ್ವಲ್ಪ ಬದಲಿಸಿಕೊಳ್ಳಬೇಕು.

ಆ ಬದಲಾವಣೆಗಳಲ್ಲಿ ಮೊದಲನೆಯದು ಕಿಟಕಿಯದು. ನಮ್ಮ ಊರುಗಳಲ್ಲಿ ಬೇಸಗೆಯ ಹಗಲು ಕಿಟಕಿ ಬಾಗಿಲುಗಳನ್ನು ಮುಚ್ಚುತ್ತೇವೆ, ರಾತ್ರಿಯ ತಂಪು ಒಳಗೇ ಉಳಿಯಲೆಂದು. ಒಣಬಿಸಿಲಿಗೆ ಅದು ತಕ್ಕ ಉಪಾಯ. ಮೆಡಿಟರೇನಿಯನ್ ದಂಡೆಯವರು ಮಾಡುವುದೂ ಅದೇ. ಆದರೆ ಮಂಗಳೂರಿನಲ್ಲಿ ಒಳಗಿಟ್ಟುಕೊಳ್ಳಲು ರಾತ್ರಿಯ ತಂಪೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ನಮ್ಮ ಬೆವರಿನ ಆವಿಯೇ ನಮ್ಮನ್ನು ಉಸಿರು ಕಟ್ಟಿಸುತ್ತದೆ. ಅಲ್ಲಿ ಬೇಕಾದದ್ದು ಚಲಿಸುವ ಗಾಳಿ. ಮೈಯ ಸುತ್ತ ತೇವದಿಂದ ತುಂಬಿದ ಗಾಳಿಯನ್ನು ಅದು ಸರಿಸಿ, ಬೆವರು ಆರಲು ಎಡೆ ಮಾಡಿಕೊಡುತ್ತದೆ. ಕರಾವಳಿಯ ಹಳೆಯ ಮನೆಗಳನ್ನು ನೋಡಿ: ಎದುರಿಗೆ ತೆರೆದ ಚಾವಡಿ, ನೆಲದತ್ತ ಬಾಗಿ ಬಂದ ಮಾಡು, ಮುರಕಲ್ಲಿನ ದಪ್ಪ ಗೋಡೆ, ಮೇಲೆ ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ‘ಮಂಗಳೂರು ಹೆಂಚು’ ನಮ್ಮೂರಿನ ಮನೆಗಳಿಗೂ ಬಂತು. ಹೆಂಚಿನ ಸಂದುಗಳಿಂದ ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತದೆ. ಆದ್ದರಿಂದ ನೀವು ತಂಗುವ ಕೋಣೆಗೆ ಪಡುವಣ ದಿಕ್ಕಿಗೆ ಕಿಟಕಿ ಇದೆಯೆ, ಅದರ ಎದುರಿಗೆ ಇನ್ನೊಂದು ಕಿಟಕಿಯೋ ಬಾಗಿಲೋ ಇದೆಯೆ ಎಂದು ಮೊದಲು ನೋಡಿಕೊಳ್ಳಿ. ಹವಾನಿಯಂತ್ರಣದ ಕೋಣೆಯಾದರೆ ಈ ಮಾತು ಅನ್ವಯಿಸದು. ಆದರೆ ದಿನವೆಲ್ಲ ಅದರೊಳಗೆ ಕುಳಿತಿರುವುದಾದರೆ ಮಂಗಳೂರಿಗೆ ಹೋಗಬೇಕಾದದ್ದೇಕೆ?

ಪಡುವಣ ಕಿಟಕಿ ಏಕೆಂದರೆ, ಗಾಳಿ ಬರುವುದು ಅಲ್ಲಿಂದ. ಒಣಮಣ್ಣನ್ನು ಒಂದು ಡಿಗ್ರಿ ಕಾಯಿಸುವುದಕ್ಕಿಂತ ಅದೇ ತೂಕದ ನೀರನ್ನು ಒಂದು ಡಿಗ್ರಿ ಕಾಯಿಸಲು ನಾಲ್ಕೈದು ಪಟ್ಟು ಹೆಚ್ಚು ಶಾಖ ಬೇಕು. ಆದ್ದರಿಂದ ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ಕಡಲ ಮೇಲಿನ ಗಾಳಿ ಸರಿದು ಬರುತ್ತದೆ. ಇದೇ ಕಡಲಗಾಳಿ. ಸಾಮಾನ್ಯವಾಗಿ ಹೊತ್ತೇರಿದ ಮೇಲೆ ಆರಂಭವಾಗಿ, ಮಧ್ಯಾಹ್ನ ಬಲಗೊಂಡು, ಸಂಜೆಯವರೆಗೆ ಬೀಸುತ್ತದೆ. ರಾತ್ರಿ ನೆಲ ಬೇಗ ಆರಿದ ಮೇಲೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಮೆಲ್ಲನೆ ಹೋಗುತ್ತದೆ. ಈ ಎರಡು ಗಾಳಿಗಳ ನಡುವೆ, ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ, ಎಲೆಯೂ ಅಲುಗದ ಒಂದು ಹೊತ್ತು ಬರುತ್ತದೆ. ಹೊಸಬರು ಹೆಚ್ಚು ಬಳಲುವುದು ಆಗಲೇ. ನಾವು ತಿಂಡಿ ಮುಗಿಸಿ ‘ಈಗ ಊರು ನೋಡೋಣ’ ಎಂದು ಹೊರಡುವ ಹೊತ್ತೂ ಅದೇ!

ಆದುದರಿಂದ ದಿನವನ್ನು ಹೀಗೆ ಹಂಚಿಕೊಳ್ಳಿರಿ. ಬೆಳಗಿನ ಐದೂವರೆಗೆ ಎದ್ದುಬಿಡಿ. ಪಡುವಣ ತೀರದಲ್ಲಿ ಸೂರ್ಯ ಹುಟ್ಟುವುದು ನಮ್ಮ ಬೆನ್ನ ಹಿಂದೆ, ನೆಲದ ಕಡೆ. ಮರಳು ಇನ್ನೂ ತಣ್ಣಗಿರುತ್ತದೆ, ಅಲೆಗಳ ಮೇಲೆ ಬೆಳಕು ಮೆಲ್ಲಮೆಲ್ಲನೆ ಹರಡುತ್ತದೆ. ಉತ್ತರಕ್ಕೆ ಪಣಂಬೂರು, ಗುರುಪುರ ನದಿಯ ಆಚೆಯ ತಣ್ಣೀರುಬಾವಿ, ತೆಂಕಣಕ್ಕೆ ಉಳ್ಳಾಲದ ಸೋಮೇಶ್ವರ, ಇವುಗಳಲ್ಲಿ ದಿನಕ್ಕೊಂದನ್ನು ಆರಿಸಿಕೊಳ್ಳಬಹುದು. ತಣ್ಣೀರುಬಾವಿ ಎಂಬ ಹೆಸರೇ ಎಷ್ಟು ಸೊಗಸು! ಉಪ್ಪುನೀರಿನ ಮಗ್ಗುಲಿನ ಮರಳಿನಲ್ಲಿ ಸಿಹಿನೀರು ದೊರೆಯುವುದು ಹೇಗೆಂದು ಮಕ್ಕಳು ಕೇಳಿಯಾರು. ಮಳೆಯ ಸಿಹಿನೀರು ಉಪ್ಪುನೀರಿಗಿಂತ ಹಗುರ. ಮರಳಿನೊಳಗೆ ಅದು ಉಪ್ಪುನೀರಿನ ಮೇಲೆ ತೇಲಿದಂತೆ ನಿಲ್ಲುತ್ತದೆ ಎಂದು ಹೇಳಿ. ಅಥವಾ ಬೆಳಿಗ್ಗೆ ಕದ್ರಿಗೆ ಹೋಗಿ. ಮಂಜುನಾಥನ ಗುಡಿಯಲ್ಲಿ ಕ್ರಿಸ್ತಶಕ 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ಅರಸ ಕುಂದವರ್ಮನ ಕಾಲದ್ದು. ಸಾವಿರ ವರ್ಷಕ್ಕೂ ಹಿಂದಿನ ಎರಕದ ಕೆಲಸ ಇಷ್ಟು ಸುಂದರವಾಗಿ ಉಳಿದಿರುವುದು ಅಪೂರ್ವ.

ಎಂಟೂವರೆಯ ಮೇಲೆ ಬಯಲಿನಲ್ಲಿ ಇರಬೇಡಿ. ಸ್ನಾನ, ಫಲಾಹಾರ, ನೋಡುವುದಿದ್ದರೆ ಒಳಗೆ ಕುಳಿತು ನೋಡುವಂಥದನ್ನು ನೋಡಿ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ ಇದಕ್ಕೆ ಹೇಳಿ ಮಾಡಿಸಿದ ಸ್ಥಳ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಚಿತ್ರಕಾರರು ಅದರ ಗೋಡೆ ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದ್ದಾರೆ. ಕೆಲಸ ಮುಗಿದದ್ದು 1901ರ ಹೊತ್ತಿಗೆ. ಮೆಡಿಟರೇನಿಯನ್ ನಾಡಿನ ಬೇಸಗೆಯನ್ನು ಕಂಡಿದ್ದ ಆ ಕೈ ನಮ್ಮ ಕರಾವಳಿಯ ಸೆಕೆಯಲ್ಲಿ ಎರಡು ವರ್ಷಕ್ಕೂ ಮೀರಿ ದುಡಿಯಿತು. ಹೋಗುವ ಮುನ್ನ ಸಂದರ್ಶನದ ವೇಳೆಯನ್ನು ವಿಚಾರಿಸಿಕೊಳ್ಳಿ.

ಹನ್ನೊಂದರಿಂದ ನಾಲ್ಕರವರೆಗೆ ಊಟ, ನಿದ್ದೆ, ಓದು, ಮಾತು. ‘ಅಷ್ಟು ದೂರ ಬಂದು ಮಲಗುವುದೆ?’ ಎಂದು ಮನೆಯ ಯಜಮಾನರಿಗೆ ಅನ್ನಿಸಬಹುದು. ಮಲಗಬೇಕು ಸ್ವಾಮಿ, ಆ ಊರಿನ ಬೇಸಗೆಯ ಅರ್ಧ ಸುಖ ರಾತ್ರಿಯಲ್ಲಿದೆ. ನಾಲ್ಕರ ಮೇಲೆ ತೀರಕ್ಕೆ ಹೊರಡಿ. ಆಗ ಗಾಳಿ ತನ್ನ ಪೂರ್ಣ ಬಲದಲ್ಲಿರುತ್ತದೆ. ಊರಿನ ಒಳಬೀದಿಗಳಲ್ಲಿ ಕಟ್ಟಡಗಳು ಅದನ್ನು ತಡೆಯುತ್ತವೆ. ತೀರದಲ್ಲಿ ತಡೆಯುವವರು ಯಾರೂ ಇಲ್ಲ. ಸೋಮೇಶ್ವರದ ಗುಡಿಯ ಬಳಿಯ ಬಂಡೆಗಳ ಮೇಲೆ ಅಲೆ ಒಡೆಯುವುದನ್ನು ದೂರದಿಂದ ನೋಡುತ್ತ ಸೂರ್ಯಾಸ್ತದವರೆಗೆ ಕುಳಿತರೆ ಹಗಲಿನ ಸೆಕೆಯೆಲ್ಲ ಮರೆತುಹೋಗುತ್ತದೆ.

ರಾತ್ರಿಯ ಮಾತೆಂದೆ. ಕರಾವಳಿಯಲ್ಲಿ ಬೇಸಗೆಯೇ ಉತ್ಸವದ ಕಾಲ. ಏಪ್ರಿಲ್ ನಡುವೆ ಬಿಸು ಹಬ್ಬ. ಅಲ್ಲಿಂದ ಮುಂದೆ ದೇವಸ್ಥಾನಗಳ ಉತ್ಸವ, ದೈವಗಳ ನೇಮ, ಯಕ್ಷಗಾನದ ಆಟ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ, ‘ಪತ್ತನಾಜೆ’ ಬರುತ್ತದೆ. ಅಂದಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಉತ್ಸವಗಳು ಮುಗಿಯುತ್ತವೆ, ಊರು ಮಳೆಗಾಲವನ್ನು ಇದಿರುಗೊಳ್ಳಲು ಸಿದ್ಧವಾಗುತ್ತದೆ. ಬಯಲಾಟವನ್ನು ನೋಡಬೇಕೆನ್ನುವವರು ಪತ್ತನಾಜೆಗೆ ಮೊದಲೇ ಹೋಗಬೇಕು. ಈಗ ಅನೇಕ ಮೇಳಗಳು ಕಾಲಮಿತಿಯ ಆಟವನ್ನು ರೂಢಿಸಿಕೊಂಡಿರುವುದರಿಂದ ಸಣ್ಣ ಮಕ್ಕಳಿದ್ದವರೂ ನೋಡಿ ಬರಬಹುದು. ನಮ್ಮ ಕಡೆಯ ಮೂಡಲಪಾಯವನ್ನು ನೋಡಿದವರಿಗೆ ಪಡುವಲಪಾಯದ ವೇಷ, ಚೆಂಡೆ, ಅರ್ಥಗಾರಿಕೆಗಳ ಸೊಗಸು ಇನ್ನಷ್ಟು ತಿಳಿಯುತ್ತದೆ. ಅರ್ಥಧಾರಿಗಳ ಬಾಯಲ್ಲಿ ಬರುವ ಕನ್ನಡವನ್ನು ಮಕ್ಕಳ ಕಿವಿಗೆ ಬೀಳಿಸುವುದಕ್ಕಾಗಿಯೇ ಹೋಗಬಹುದೆಂದು ನಾನು ಹೇಳುತ್ತೇನೆ.

ಇನ್ನು ಉಡುಗೆ ಊಟ. ಕೊಳ್ಳೇಗಾಲದ ರೇಷ್ಮೆ ಸೀರೆ ಪೆಟ್ಟಿಗೆಯಲ್ಲಿಯೇ ಇರಲಿ. ಅದು ಮದುವೆ ಮನೆಗೆ. ಕಡಲೂರಿಗೆ ಸಡಿಲವಾದ, ತೆಳುವಾದ ಹತ್ತಿಬಟ್ಟೆ. ಒಗೆದದ್ದು ಅಲ್ಲಿ ಬೇಗ ಒಣಗದು. ಮನೆಯಲ್ಲಿ ಬಳಸುವುದರ ಎರಡರಷ್ಟು ಜೊತೆಗಿರಲಿ. ಒದ್ದೆಯಾದ ಒಳಬಟ್ಟೆಯನ್ನು ಬದಲಿಸಿದರೆ ಬೆವರುಗುಳ್ಳೆಯ ಕಾಟ ಅರ್ಧ ತಪ್ಪಿದಂತೆ. ಊಟಕ್ಕೆ ಆ ಊರಿನವರು ಉಣ್ಣುವುದನ್ನೇ ಉಣ್ಣಿ. ನಮ್ಮ ರಾಗಿ ಅಂಬಲಿ ಹೇಗೋ ಹಾಗೆ ಅಲ್ಲಿ ಕುಚ್ಚಲಕ್ಕಿಯ ಗಂಜಿ, ಜೊತೆಗೆ ಉಪ್ಪು, ಉಪ್ಪಿನಕಾಯಿ. ಬೆವರಿನಲ್ಲಿ ನೀರಿನ ಜೊತೆಗೆ ಉಪ್ಪೂ ಹೋಗುತ್ತದಾದ್ದರಿಂದ ಗಂಜಿ ಅದೆರಡನ್ನೂ ಒಟ್ಟಿಗೆ ತುಂಬಿಕೊಡುತ್ತದೆ. ತಂಬುಳಿ, ನೀರುಮಜ್ಜಿಗೆ, ಎಳನೀರು, ಪುನರ್ಪುಳಿಯ ಶರಬತ್ತು ಎಲ್ಲವೂ ಆ ಹವೆಗೆ ಒಪ್ಪಿದುವು. ಮಾವು, ಹಲಸು ತುಂಬಿ ಬರುವ ಕಾಲವೂ ಅದೇ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿರುವುದನ್ನು ಕಾಣುವಿರಿ. ಬಾಯಾರಿಕೆಗಾಗಿ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯುವುದು ಒಳ್ಳೆಯದು.

ಇಷ್ಟು ಸುಖದ ಮಾತಾಯಿತು. ಇನ್ನೆರಡು ಮಾತುಗಳನ್ನು ದಯವಿಟ್ಟು ಗಮನವಿಟ್ಟು ಓದಿ, ಪ್ರಾಣಕ್ಕೆ ಸಂಬಂಧಿಸಿದುವು.

ಮೊದಲನೆಯದು ನೀರು. ಕಾವೇರಿಯ ದಂಡೆಯಲ್ಲಿ ಬೆಳೆದ ನಮ್ಮ ಹುಡುಗರಿಗೆ ಈಜು ಬರುತ್ತದೆ, ಸುಳಿಯ ಭಯವೂ ಗೊತ್ತು. ಆದರೆ ಹೊಳೆಯ ವಿದ್ಯೆ ಕಡಲಿಗೆ ಸಾಲದು. ಮೆಡಿಟರೇನಿಯನ್ ಸಮುದ್ರದಲ್ಲಿ ಬಹುತೇಕ ಕಡೆ ಉಬ್ಬರ ಇಳಿತಗಳು ತೀರ ಅಲ್ಪ. ನಮ್ಮ ತೀರದಲ್ಲಿ ನೀರು ಒಂದು, ಒಂದೂವರೆ ಮೀಟರಿನಷ್ಟು ಏರಿ ಇಳಿಯುವುದುಂಟು. ಮೇಲಾಗಿ, ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಕೆಲವೆಡೆ ಅದು ಇಕ್ಕಟ್ಟಾದ ಒಂದು ಕಾಲುವೆಯಂತೆ ಕೂಡಿಕೊಂಡು ಬಿರುಸಾಗಿ ಕಡಲಿಗೆ ಹೊರಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಮೆಯಾದ್ದರಿಂದ ನೋಡಲು ಅದೇ ಶಾಂತವಾಗಿ ಕಾಣುತ್ತದೆ. ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಒಂದು ವೇಳೆ ಅದರ ಸೆಳೆತಕ್ಕೆ ಸಿಕ್ಕಿದರೆ ದಡದತ್ತ ನೇರವಾಗಿ ಈಜಿ ಸೋಲಬಾರದು. ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಜಿ ಆ ಕಾಲುವೆಯಿಂದ ಹೊರಬಿದ್ದು, ಅನಂತರ ದಡ ಸೇರಬೇಕು. ಈಜಲಾರದಾದರೆ ತೇಲುತ್ತ ಕೈಯೆತ್ತಿ ಕೂಗಬೇಕು. ದಡದಲ್ಲಿರುವವರು ತಾವೂ ಹಾರಿ ಇನ್ನೊಂದು ಅನಾಹುತ ಮಾಡಿಕೊಳ್ಳದೆ, ತೇಲುವ ವಸ್ತುವನ್ನು ಎಸೆದು, ಜೀವರಕ್ಷಕರನ್ನು ಕರೆಯಬೇಕು. ಕಾವಲಿಲ್ಲದ ತೀರದಲ್ಲಿ, ಕೆಂಪು ಬಾವುಟವಿರುವಾಗ, ಒದ್ದೆ ಬಂಡೆಗಳ ಮೇಲೆ, ಕತ್ತಲಾದ ಮೇಲೆ, ಈ ನಾಲ್ಕು ಸಂದರ್ಭಗಳಲ್ಲಿ ಕಡಲಿಗೆ ಕೈಮುಗಿದು ದೂರವಿರಿ. ಮೇ ಕೊನೆಯಲ್ಲಿ ಮಳೆಗಾಲ ಸಮೀಪಿಸಿದಂತೆ ಕಡಲು ಒರಟಾಗುತ್ತದೆ; ಯಂತ್ರದೋಣಿಗಳ ಮೀನುಗಾರಿಕೆಯನ್ನೇ ಜೂನ್ ಜುಲೈ ತಿಂಗಳುಗಳಲ್ಲಿ ನಿಲ್ಲಿಸಿರುತ್ತಾರೆ. ಗುಡುಗು ಕೇಳಿಸಿದೊಡನೆ ಮರಳಬಯಲನ್ನು ಬಿಟ್ಟು ಕಟ್ಟಡದೊಳಗೆ ಬನ್ನಿ. ಆ ಬಯಲಿನಲ್ಲಿ ಎತ್ತರದ ವಸ್ತು ನೀವೇ ಆಗಿರುತ್ತೀರಿ.

ಎರಡನೆಯದು ಶಾಖದ ಬೇನೆ. ತಲೆನೋವು, ತಲೆಸುತ್ತು, ಓಕರಿಕೆ, ಸ್ನಾಯುಗಳ ಸೆಳೆತ ಕಾಣಿಸಿದರೆ ಕೂಡಲೆ ನೆರಳಿಗೆ ಬಂದು, ಬಟ್ಟೆ ಸಡಿಲಿಸಿ, ಗಾಳಿ ಹಾಕಿಸಿಕೊಂಡು, ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಗಂಜಿತಿಳಿಯನ್ನೋ ಕುಡಿಯಬೇಕು. ಮೈ ಕಾದು, ಮಾತು ತೊದಲಿ, ಜ್ಞಾನ ಮಸುಳಿದರೆ ಅದು ಸಾಮಾನ್ಯ ಬಳಲಿಕೆಯಲ್ಲ. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿದ್ದು, 108ಕ್ಕೆ ಕರೆ ಮಾಡಿ ತಡವಿಲ್ಲದೆ ಆಸ್ಪತ್ರೆಗೆ ಸಾಗಿಸಬೇಕು. ಜ್ಞಾನವಿಲ್ಲದವರ ಬಾಯಿಗೆ ನೀರು ಹಾಕಬಾರದು. ಹೃದಯದ ತೊಂದರೆಯುಳ್ಳವರು, ರಕ್ತದೊತ್ತಡಕ್ಕೆ ಮೂತ್ರವನ್ನು ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಎಳೆಯ ಕೂಸುಗಳ ತಾಯಂದಿರು ವೈದ್ಯರನ್ನು ಕೇಳಿ ಹೊರಡುವುದು ಮೇಲು. ಅಜ್ಜ ಅಜ್ಜಿಯರಿಗೆ ನಿಜವಾಗಿ ಬೇಕಾದದ್ದು ತಂಪಾದರೆ, ಅದು ಮಂಗಳೂರಿನಲ್ಲಿಲ್ಲ. ಯಳಂದೂರಿನಿಂದ ಕೂಗಳತೆಯಲ್ಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಬೆಟ್ಟಕ್ಕೆ ತಂಪಿಗೆಂದು ಹೋಗಿ, ಕಡಲಿಗೆ ಕಡಲಿಗೆಂದೇ ಹೋಗಿ.

ಕಾವ್ಯದ ಲಕ್ಷಣ ಹೇಳಿದ ದಂಡಿ, ಮಹಾಕಾವ್ಯದಲ್ಲಿ ಏನೇನು ವರ್ಣನೆ ಇರಬೇಕ��ಂದು ಪಟ್ಟಿ ಮಾಡುವಾಗ ನಗರ, ಕಡಲು, ಬೆಟ್ಟ, ಋತುಗಳನ್ನು ಮೊದಲಿಗೆ ಹೇಳುತ್ತಾನೆ, ಜಲಕ್ರೀಡೆಯನ್ನೂ ಬಿಡುವುದಿಲ್ಲ. ನಮ್ಮ ಕನ್ನಡ ಕವಿಗಳು ಅಷ್ಟಾದಶ ವರ್ಣನೆಯೆಂದು ಅದನ್ನೇ ಪಾಲಿಸಿದರು. ಪಾಠದಲ್ಲಿ ಸಮುದ್ರವರ್ಣನೆ ಬಂದಾಗ ನಮ್ಮ ಹಳ್ಳಿಗಳ ಮಕ್ಕಳು ಮೇಷ್ಟರ ಮುಖ ನೋಡುತ್ತಾರೆ. ಕಡಲನ್ನು ಕಂಡವರು ತರಗತಿಗೆ ನಾಲ್ಕೈದು ಮಂದಿ ಇದ್ದರೆ ಹೆಚ್ಚು. ಹನೂರಿನ ಬೆದ್ದಲಹೊಲದ ಮಗುವಿಗೆ ಕಣ್ಣಿಗೆ ಎಟುಕುವವರೆಗೂ ನೀರೇ ಎಂಬುದನ್ನು ಮಾತಿನಿಂದ ತಿಳಿಸುವುದು ಸುಲಭವಲ್ಲ. ಏಪ್ರಿಲ್ ಎರಡನೆಯ ವಾರದಿಂದ ಮೇ ಮೂರನೆಯ ವಾರದೊಳಗೆ, ಕೈಯಲ್ಲಿ ಕೊಡೆ, ಚೀಲದಲ್ಲಿ ಹತ್ತಿಬಟ್ಟೆ ಇಟ್ಟುಕೊಂಡು, ಮೂರು ದಿನಗಳ ಮಟ್ಟಿಗಾದರೂ ಕರೆದುಕೊಂಡು ಹೋಗಿ ಬನ್ನಿ. ಶಾಲೆ ತೆರೆದ ಮೇಲೆ ಆ ಪದ್ಯವನ್ನು ಮೇಷ್ಟರಿಗೆ ಅವರೇ ವಿವರಿಸಲಿ.